ಸವೆಯಬೇಕಾದದ್ದು ಗಾರೆ

ಚಿಮಣಿ ಎಂಬ ಮಾತು ಕನ್ನಡ ನಾಡಿಗೆ ಬಂದು ಎರಡು ಬಗೆಯ ಬಾಳನ್ನು ಬಾಳಿದೆ. ಒಳನಾಡಿನ ಹಳ್ಳಿಗಳಲ್ಲಿ ಅದು ಸೀಮೆಎಣ್ಣೆಯ ಪುಟ್ಟ ದೀಪ; ಅದರ ಬೆಳಕಿನಲ್ಲಿ ಅಕ್ಷರ ಕಲಿತವರು ಈ ಪುಟವನ್ನು ಓದುತ್ತಿರುವವರಲ್ಲಿಯೂ ಇದ್ದಾರು. ಮಂಗಳೂರಿನ ಕಡೆಯವರಿಗೆ ಮಾತ್ರ ಚಿಮಣಿಯೆಂದರೆ ಹಂಚಿನ ಕಾರ್ಖಾನೆಯ ಮೇಲೆ ನಿಂತ ಇಟ್ಟಿಗೆಯ ಗೋಪುರ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತ ಅಲ್ಲಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ. ಅದರ ಬೆನ್ನಿಗೇ ನೇತ್ರಾವತಿಯ ಮತ್ತು ಗುರುಪುರ ಹೊಳೆಯ ಜೇಡಿಮಣ್ಣನ್ನು ನಂಬಿ ಒಂದರ ಹಿಂದೊಂದು ಕಾರ್ಖಾನೆಗಳು ಎದ್ದವು. ಕಾರ್ಖಾನೆಗೊಂದು ಚಿಮಣಿಯೂ ಎದ್ದಿತು. ಇಂದು ಆ ಕಾರ್ಖಾನೆಗಳಲ್ಲಿ ಅನೇಕವು ಮುಚ್ಚಿಹೋಗಿವೆ. ಅಲ್ಲೊಂದು ಇಲ್ಲೊಂದು ಚಿಮಣಿ ಮಾತ್ರ ತೆಂಗಿನ ಮರಗಳ ಮೇಲೆ ತಲೆಯೆತ್ತಿ, ಹೊಗೆಯಿಲ್ಲದೆ, ಕೆಲಸವಿಲ್ಲದೆ ನಿಂತಿದೆ.

ಆ ಕಾರ್ಖಾನೆಗಳ ಚರಿತ್ರೆಯನ್ನು ಬರೆಯುವುದು ನನ್ನ ಉದ್ದೇಶವಲ್ಲ. ಚಿಮಣಿಯ ಇಟ್ಟಿಗೆಗಳ ನಡುವೆ ಬೆರಳಗಲವೂ ಇಲ್ಲದ ಒಂದು ವಸ್ತುವಿದೆಯಲ್ಲ, ಆ ಗಾರೆಯ ಸಂದು, ಅದರ ವಿಷಯವಾಗಿ ನಾಲ್ಕು ಮಾತು ಹೇಳಬೇಕಾಗಿದೆ. ಇಷ್ಟು ಅಲ್ಪವಾದ ವಿಷಯಕ್ಕೆ ಸಾಹಿತ್ಯದ ಪುಟದಲ್ಲಿ ಎಡೆಯೇಕೆಂದು ಯಾರಾದರೂ ಕೇಳಿದರೆ, ಕೊನೆಯವರೆಗೆ ಓದಿ ಅನಂತರ ತೀರ್ಪು ಕೊಡಿ ಎಂದಷ್ಟೇ ನನ್ನ ಬಿನ್ನಹ.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಯಾವ ಗ್ರಂಥದಿಂದಲೂ ಅಲ್ಲ, ನಮ್ಮ ಮನೆಯ ಬಚ್ಚಲಿನಿಂದ. ಮಂಗಳೂರಿನ ನಮ್ಮ ಹಿರಿಯರ ಮನೆಯಲ್ಲಿ ನೀರು ಕಾಯಿಸುವ ಹಂಡೆಯ ಒಲೆಗೆ ಇಟ್ಟಿಗೆಯ ಹೊಗೆಗೂಡು ಇತ್ತು. ಅಜ್ಜನ ಕಾಲದ್ದು. ಅದು ಮಾಡಿನ ಮೇಲೆ ಆಳೆತ್ತರ ನಿಂತಿತ್ತು. ಒಂದು ವರ್ಷ ಮಳೆಗಾಲ ಕಳೆದ ಮೇಲೆ ನೋಡುವಾಗ ಸಂದುಗಳ ಗಾರೆ ಉದುರಿ, ಇಟ್ಟಿಗೆಗಳ ನಡುವೆ ಕಿರುಬೆರಳು ತೂರುವಷ್ಟು ಎಡೆಯಾಗಿತ್ತು. ನಾವು ದುರಸ್ತಿಗೆ ಒಬ್ಬ ಕಂತ್ರಾಟುದಾರರನ್ನು ಕರೆಸಿದೆವು. ಅವರು ಎರಡೇ ದಿನದಲ್ಲಿ ಎಲ್ಲ ಸಂದುಗಳಿಗೂ ಗಟ್ಟಿಯಾದ ಸಿಮೆಂಟನ್ನು ಮೆತ್ತಿ, ಗೆರೆ ಎಳೆದು, ಇನ್ನು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದರ ಕಡೆ ನೋಡಬೇಕಾಗಿಲ್ಲವೆಂದು ಭರವಸೆ ಕೊಟ್ಟು ಹೋದರು. ನೋಡುವುದಕ್ಕೆ ಬಹಳ ಚೆಂದವಾಗಿತ್ತು. ನಾವು ಸಂತೋಷದಿಂದಲೇ ಹಣ ಕೊಟ್ಟೆವು.

ಆರು ಮಳೆಗಾಲಗಳು ಕಳೆದವು. ಸಿಮೆಂಟಿನ ಗೆರೆಗಳಿಗೆ ಒಂದಿಷ್ಟೂ ಊನವಾಗಲಿಲ್ಲ. ಊನವಾದದ್ದು ಇಟ್ಟಿಗೆಗಳಿಗೆ. ಒಂದೊಂದು ಇಟ್ಟಿಗೆಯ ಮುಖವೂ ಹಕ್ಕಳೆ ಹಕ್ಕಳೆಯಾಗಿ ಕಳಚಿ, ಕೆಂಪು ಪುಡಿಯಾಗಿ ಮಾಡಿನ ಮೇಲೆ ಸುರಿಯುತ್ತಿತ್ತು. ಗೂಡಿನ ಮೈ ಜೇನು ಹಾರಿಹೋದ ಹುಟ್ಟಿನಂತೆ ಆಯಿತು: ಮೇಣದ ಗೋಡೆಗಳು ಉಳಿದಿವೆ, ಒಳಗೆ ಏನೂ ಇಲ್ಲ. ಆಗ ನೋಡಲು ಬಂದ ಒಬ್ಬ ಮುದುಕ ಮೇಸ್ತ್ರಿ ಸಿಮೆಂಟಿನ ಗೆರೆಯನ್ನು ಉಗುರಿನಿಂದ ತಟ್ಟಿ, ತುಳುವಿನಲ್ಲಿ ಒಂದು ಮಾತು ಹೇಳಿದರು. ಅದರ ಕನ್ನಡ ಇಷ್ಟು: “ಧನಿಗಳೇ, ಸಾಯಬೇಕಾದ್ದು ಗಾರೆ. ಅದನ್ನು ಸಾಯಲು ಬಿಡದಿದ್ದರೆ ಇಟ್ಟಿಗೆ ಸಾಯುತ್ತದೆ.”

ಆ ಮಾತನ್ನು ನಾನು ಮೊದಲು ಒಂದು ಚಮತ್ಕಾರವೆಂದು ತಿಳಿದೆ. ಆಮೇಲೆ ವಿಚಾರಿಸಿ ನೋಡಲಾಗಿ ಅದು ವಿಜ್ಞಾನವೆಂದು ಗೊತ್ತಾಯಿತು.

ಹಳೆಯ ಕಾಲದ, ಹದವಾಗಿ ಸುಟ್ಟ ಇಟ್ಟಿಗೆ ನೀರನ್ನು ಕುಡಿಯುತ್ತದೆ. ಮಳೆ ಹೊಡೆದಾಗ ಗೋಡೆ ಕುಡಿದ ನೀರು ಬಿಸಿಲು ಬಂದಾಗ ಹೊರಕ್ಕೆ ಹೋಗಬೇಕು. ಸುಣ್ಣದ ಗಾರೆ ಇಟ್ಟಿಗೆಗಿಂತಲೂ ಮೆತ್ತನೆಯದು, ಹೆಚ್ಚು ರಂಧ್ರಗಳುಳ್ಳದ್ದು. ಆದುದರಿಂದ ನೀರು ಆ ಸಂದಿನ ದಾರಿಯಾಗಿಯೇ ಸುಲಭವಾಗಿ ಆರಿಹೋಗುತ್ತದೆ. ಹೋಗುವಾಗ ತನ್ನಲ್ಲಿ ಕರಗಿದ ಲವಣಗಳನ್ನು ಸಂದಿನ ಮೈಯಲ್ಲಿ ಬಿಟ್ಟುಹೋಗುತ್ತದೆ. ಲವಣ ಹರಳುಗಟ್ಟುವಾಗ ಹಿಗ್ಗುತ್ತದೆ, ಹಿಗ್ಗಿದ ಹರಳು ಗಾರೆಯನ್ನು ಸೀಳುತ್ತದೆ, ಗಾರೆ ಉದುರುತ್ತದೆ. ನಾವು ದೋಷವೆಂದು ತಿಳಿಯುವ ಆ ಉದುರುವಿಕೆ ವಾಸ್ತವವಾಗಿ ಗಾರೆ ತನ್ನ ಕರ್ತವ್ಯವನ್ನು ಮಾಡಿದ ಗುರುತು. ಅದೇ ಸಂದಿನ ಬಾಯಿಗೆ ಸಿಮೆಂಟನ್ನು ಜಡಿದರೆ ದಾರಿ ಮುಚ್ಚಿತು. ನೀರು ಬೇರೆ ದಾರಿ ಕಾಣದೆ ಇಟ್ಟಿಗೆಯ ಮುಖದಿಂದಲೇ ಹೊರಬೀಳುತ್ತದೆ, ಲವಣವೂ ಅಲ್ಲಿಯೇ ಹರಳುಗಟ್ಟುತ್ತದೆ, ಸೀಳುವುದೂ ಇಟ್ಟಿಗೆಯನ್ನೇ. ಇನ್ನೊಂದು ಕಾರಣವೂ ಉಂಟು. ಬಿಸಿಲಿಗೆ ಗೋಡೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಸುಣ್ಣ ಆ ಅಲುಗಾಟಕ್ಕೆ ಸ್ವಲ್ಪ ಬಗ್ಗಿಕೊಡುತ್ತದೆ. ಸಿಮೆಂಟು ಬಗ್ಗುವುದಿಲ್ಲ, ಇಟ್ಟಿಗೆಯ ಅಂಚನ್ನು ಒಡೆಯುತ್ತದೆ, ಇಲ್ಲವೆ ತಾನೇ ಇಟ್ಟಿಗೆಯಿಂದ ಬಿಟ್ಟುಕೊಂಡು ಕೂದಲೆಳೆಯಷ್ಟು ಬಿರುಕನ್ನು ಮಾಡುತ್ತದೆ. ಆ ಬಿರುಕಿನಿಂದ ಒಳಹೊಕ್ಕ ಮಳೆನೀರಿಗೆ ಹೊರಬರಲು ಬಾಗಿಲಿಲ್ಲ.

ಇದು ಎಲ್ಲ ಇಟ್ಟಿಗೆಯ ಗೋಡೆಗಳಿಗೂ ಅನ್ವಯಿಸುವ ಮಾತು. ಆದರೆ ಚಿಮಣಿಯ ಕಷ್ಟ ಗೋಡೆಯ ಕಷ್ಟಕ್ಕಿಂತ ದೊಡ್ಡದು. ಗೋಡೆಗೆ ಒಂದು ಮೈ ಮಳೆಗೆ, ಒಂದು ಮೈ ನೆರಳಿಗೆ. ಚಿಮಣಿಗೆ ಸುತ್ತಲೂ ಮಳೆಯೇ. ತಲೆಯ ಮೇಲೆ ಸೂರಿಲ್ಲ. ಹೊರಗೆ ತಣ್ಣನೆಯ ಗಾಳಿ, ಒಳಗೆ ಬೆಂಕಿಯ ಹೊಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಂಗಳೂರಿನಲ್ಲಿ, ಕಡಲ ಉಪ್ಪುಗಾಳಿಗೆ ಎದೆಯೊಡ್ಡಿ ನಿಂತ ಚಿಮಣಿಯ ಅವಸ್ಥೆಯನ್ನು ಊಹಿಸಿಕೊಳ್ಳಬಹುದು. ಕಲ್ಲಿದ್ದಲು ಉರಿಸುವ ನಾಡುಗಳಲ್ಲಿಯಂತೂ ಇನ್ನೊಂದು ಪೀಡೆಯುಂಟು. ಹೊಗೆಯಲ್ಲಿನ ಗಂಧಕದ ಅಂಶ ತೇವದೊಡನೆ ಸೇರಿ ಸಂದುಗಳನ್ನು ಹೊಕ್ಕು, ಸಿಮೆಂಟಿನೊಡನೆ ಕೂಡಿ ಹೊಸ ಸಂಯುಕ್ತಗಳಾಗಿ ಉಬ್ಬುತ್ತದೆ. ಯಾವ ಬದಿ ಹೆಚ್ಚು ಒದ್ದೆಯೋ ಆ ಬದಿಯ ಸಂದುಗಳು ಹೆಚ್ಚು ಹಿಗ್ಗುತ್ತವೆ. ನೆಟ್ಟಗಿದ್ದ ಚಿಮಣಿ ವರ್ಷ ವರ್ಷವೂ ಒಂದಿಷ್ಟು ಎದುರು ಬದಿಗೆ ವಾಲುತ್ತದೆ. ಇಂಗ್ಲೆಂಡಿನ ಹಳೆಯ ಬೀದಿಗಳಲ್ಲಿ ಮಾಡಿನ ಮೇಲೆ ಬೆನ್ನು ಬಾಗಿದ ಮುದುಕರಂತೆ ನಿಂತ ಹೊಗೆಗೂಡುಗಳನ್ನು ಚಿತ್ರಗಳಲ್ಲಿ ಕಂಡವರು ಅದು ಅಡಿಪಾಯದ ದೋಷವೆಂದುಕೊಳ್ಳುವುದುಂಟು. ಎಷ್ಟೋ ವೇಳೆ ದೋಷವಿರುವುದು ಸಂದಿನಲ್ಲಿ.

ಇಂಗ್ಲೆಂಡಿನ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಹೇಳಬೇಕು. ಈ ರೋಗವೂ ಅಲ್ಲಿಯೇ ಹುಟ್ಟಿತು, ಇದರ ಅರಿವೂ ಅಲ್ಲಿಯೇ ಮೊದಲು ಸಂಘಟಿತವಾಗಿ ಮೂಡಿತು. ಪೋರ್ಟ್‌ಲೆಂಡ್ ಸಿಮೆಂಟಿಗೆ ಲೀಡ್ಸ್ ನಗರದ ಜೋಸೆಫ್ ಆಸ್ಪ್ಡಿನ್ ಹಕ್ಕುಪತ್ರ ಪಡೆದದ್ದು 1824ರಲ್ಲಿ. ಅದೇ ಶತಮಾನದಲ್ಲಿ ಲ್ಯಾಂಕಶೈರಿನ ಹತ್ತಿಯ ಗಿರಣಿಗಳು ನೂರಾರು ಚಿಮಣಿಗಳನ್ನು ಎಬ್ಬಿಸಿದವು. ಅವುಗಳ ಹೊಗೆಯಲ್ಲಿ ನಮ್ಮ ನಾಡಿನ ಪಾಲೂ ಉಂಟು: ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 1865ರವರೆಗೆ ಅಲ್ಲಿಯ ಹತ್ತಿ ನಿಂತುಹೋದಾಗ ಆ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿದ್ದಿತು, ಕಾರವಾರದ ಬಂದರನ್ನು ಬೆಳೆಸುವ ಉತ್ಸಾಹ ಹುಟ್ಟಿದ್ದೂ ಅದೇ ಕಾರಣಕ್ಕೆ. ಅದೇ ಕಾಲದಲ್ಲಿ ಹಳೆಯ ಕಟ್ಟಡಗಳನ್ನು ಕೆರೆದು ತಿಕ್ಕಿ ಹೊಸದರಂತೆ ಮಾಡುವ ಹುಚ್ಚೂ ಅಲ್ಲಿ ಹಬ್ಬಿತ್ತು. ಅದನ್ನು ವಿರೋಧಿಸಿ ಕವಿ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಕಟ್ಟಿದ. ಒಮ್ಮೆಗೇ ಹೊಸದಾಗಿಸುವ ಬದಲು ದಿನದಿನದ ಆರೈಕೆಯಿಂದ ಕಟ್ಟಡವನ್ನು ಕಾಯಬೇಕೆಂಬುದು ಅವನ ಮತ. ನಮ್ಮ ದೇಶದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥನಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಸಂರಕ್ಷಣೆಯ ಕೈಪಿಡಿಯ ನಿಲುವೂ ಇದೇ: ಹಳೆಯದನ್ನು ಉಳಿಸುವುದು ಮೊದಲ ಧರ್ಮ, ನವೀಕರಿಸುವುದಲ್ಲ. ಒಬ್ಬ ಕವಿಗೂ ಒಬ್ಬ ಪುರಾತತ್ತ್ವಜ್ಞನಿಗೂ ನಮ್ಮ ಮುದುಕ ಮೇಸ್ತ್ರಿಗೂ ಇದರಲ್ಲಿ ಭಿನ್ನಾಭಿಪ್ರಾಯವಿಲ್ಲವೆಂಬುದು ಗಮನಿಸತಕ್ಕ ವಿಷಯ.

ಹಾಗಾದರೆ ಸಂದನ್ನು ತುಂಬುವ ಸರಿಯಾದ ಕ್ರಮ ಯಾವುದು? ನಮ್ಮ ಹೊಗೆಗೂಡಿನ ಉಳಿದ ಭಾಗವನ್ನು ಆ ಮೇಸ್ತ್ರಿ ದುರಸ್ತಿ ಮಾಡಿದ್ದನ್ನು ಸಾರುವೆಯ ಕೆಳಗೆ ನಿಂತು ನೋಡಿದ್ದೇನೆ. ಅದು ಬಲ್ಲವರು ಬರೆದಿಟ್ಟ ಕ್ರಮಕ್ಕೆ ಅಕ್ಷರಶಃ ಹೊಂದುತ್ತದೆ.

ಮೊದಲನೆಯದು, ಸತ್ತ ಗಾರೆಯನ್ನು ತೆಗೆಯುವುದು. ಉಳಿ ಮತ್ತು ಸಣ್ಣ ಸುತ್ತಿಗೆಯಿಂದ, ಇಟ್ಟಿಗೆಯ ಅಂಚಿಗೆ ಪೆಟ್ಟಾಗದಂತೆ, ಸಂದಿನ ಅಗಲದ ಎರಡರಷ್ಟಾದರೂ ಆಳಕ್ಕೆ ಕೆರೆದು ತೆಗೆಯಬೇಕು, ಒಂದಂಗುಲವೆಂದು ಇಟ್ಟುಕೊಳ್ಳಬಹುದು. ಮೇಲೆ ಮೇಲೆ ಮೆತ್ತಿದ ಗಾರೆ ನಿಲ್ಲುವುದಿಲ್ಲ. ವಿದ್ಯುತ್ತಿನಿಂದ ತಿರುಗುವ ಚಕ್ರವನ್ನು ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಅದರ ಹಲ್ಲು ಗಾರೆ ಯಾವುದು, ಇಟ್ಟಿಗೆ ಯಾವುದು ಎಂದು ವಿಚಾರಿಸುವುದಿಲ್ಲ. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ಗಟ್ಟಿಯಾಗಿದ್ದ ಹಳೆಯ ಗಾರೆಯನ್ನೂ ಮುಟ್ಟಲಿಲ್ಲ. ಇರುವಲ್ಲಿ ಇರಲಿ ಎಂದರು. ಆಮೇಲೆ ಮೇಲಿನಿಂದ ಕೆಳಕ್ಕೆ ಬ್ರಷ್ಷಿನಿಂದ ಧೂಳು ಗುಡಿಸಿ, ನೀರು ಚಿಮುಕಿಸಿ ಇಟ್ಟಿಗೆಯ ಬಾಯಾರಿಕೆಯನ್ನು ತಣಿಸಿದರು. ಒಣ ಇಟ್ಟಿಗೆ ಹೊಸ ಗಾರೆಯ ನೀರನ್ನೆಲ್ಲ ಹೀರಿಬಿಟ್ಟರೆ ಗಾರೆ ಕಟ್ಟುವ ಮೊದಲೇ ಪುಡಿಯಾಗುತ್ತದೆ.

ಇನ್ನು ಗಾರೆ. ಕರಾವಳಿಯಲ್ಲಿ ಹೊಳೆಯ ಚಿಪ್ಪುಗಳನ್ನು ಸುಟ್ಟು, ಒಳನಾಡಿನಲ್ಲಿ ಸುಣ್ಣದ ಕಲ್ಲನ್ನು ಸುಟ್ಟು ಸುಣ್ಣ ಮಾಡುವುದು ನಮ್ಮ ಪದ್ಧತಿ. ಈ ಸುಣ್ಣದ ಕಥೆಯೇ ಒಂದು ಪುರಾಣ. ಸುಮಾರು 900 ಡಿಗ್ರಿ ಸೆಂಟಿಗ್ರೇಡಿನ ಬೆಂಕಿಯಲ್ಲಿ ಬೆಂದ ಕಲ್ಲು ತನ್ನೊಳಗಿನ ಇಂಗಾಲಾಮ್ಲವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಶುದ್ಧವಾದ ಕಲ್ಲು 100 ತೂಕವಿದ್ದರೆ ಉಳಿಯುವುದು 56 ಮಾತ್ರ. ನೀರು ಹೊಯ್ದರೆ ಕುದಿದು ಅರಳಿ ಬೆಣ್ಣೆಯಂತಾಗುತ್ತದೆ. ಸಂದಿನಲ್ಲಿ ಕುಳಿತ ಮೇಲೆ, ಕಳೆದುಕೊಂಡ ಆ ವಾಯುವನ್ನೇ ಗಾಳಿಯಿಂದ ಮತ್ತೆ ಮೆಲ್ಲಮೆಲ್ಲನೆ ಹೀರಿಕೊಂಡು ಪುನಃ ಕಲ್ಲಾಗುತ್ತದೆ. ಬೆಂಕಿ, ನೀರು, ಗಾಳಿಗಳನ್ನು ದಾಟಿ ಮರಳಿ ತನ್ನ ಮೊದಲಿನ ರೂಪಕ್ಕೆ ಬರುವ ಈ ವಸ್ತುವಿಗೆ ಅವಸರ ಹಿಡಿಸುವುದಿಲ್ಲ. ತಿಂಗಳುಗಳು ಹಿಡಿಯುತ್ತವೆ. ಸಣ್ಣ ಬಿರುಕು ಬಿಟ್ಟರೆ, ಮಳೆನೀರಿನಲ್ಲಿ ಕರಗಿದ ಸುಣ್ಣ ಬಿರುಕಿನಲ್ಲಿಯೇ ಮತ್ತೆ ಹೆಪ್ಪುಗಟ್ಟಿ ಗಾಯವನ್ನು ತಾನೇ ಮಾಯಿಸಿಕೊಳ್ಳುವುದೂ ಉಂಟು.

ಒಂದು ಪಾಲು ಸುಣ್ಣಕ್ಕೆ ಎರಡೂವರೆ ಮೂರು ಪಾಲು ಮರಳು. ಮರಳು ದುಂಡಗೆ ನುಣ್ಣಗೆ ಇರಬಾರದು. ಅಂಗೈಯಲ್ಲಿ ಹಿಡಿದು ತಿಕ್ಕಿದರೆ ಚುಚ್ಚಬೇಕು. ಮಳೆಗೆ ನೇರವಾಗಿ ಒಡ್ಡಿದ ತಲೆಯ ಭಾಗಕ್ಕೆ ನಮ್ಮವರು ಸುರ್ಕಿಯನ್ನು, ಎಂದರೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರೆಸುತ್ತಿದ್ದರು. ಅದು ಸುಣ್ಣಕ್ಕೆ ನೀರಿನಲ್ಲಿಯೂ ಗಟ್ಟಿಯಾಗುವ ಗುಣ ಕೊಡುತ್ತದೆ. ಸುರ್ಕಿ ಬಡವರ ಗಾರೆಯೆಂದು ತಿರಸ್ಕರಿಸುವವರು ಒಮ್ಮೆ ಕನ್ನಂಬಾಡಿಗೆ ಹೋಗಿಬರಲಿ. ಸಿಮೆಂಟು ಬಹುಮಟ್ಟಿಗೆ ಹೊರನಾಡಿನಿಂದಲೇ ಬರಬೇಕಾಗಿದ್ದ 1911ರಲ್ಲಿ ಕೆಲಸ ಪ್ರಾರಂಭವಾದ ಆ ಕಟ್ಟೆ ಸುರ್ಕಿಯ ಗಾರೆಯಿಂದ ಕಾವೇರಿಯನ್ನು ಇಂದಿಗೂ ತಡೆದು ನಿಲ್ಲಿಸಿದೆ.

ಗಾರೆಯನ್ನು ಸಂದಿನ ಆಳಕ್ಕೆ ಒತ್ತಿ ಒತ್ತಿ, ಪದರ ಪದರವಾಗಿ ತುಂಬಿದರು. ಮುಖವನ್ನು ಇಟ್ಟಿಗೆಯ ಅಂಚಿಗಿಂತ ಎಳ್ಳಷ್ಟು ಒಳಗೇ ನಿಲ್ಲಿಸಿದರು. ಇಟ್ಟಿಗೆಯ ಮೇಲೆ ಹರಡಲು ಬಿಡಲಿಲ್ಲ. ಕೊನೆಗೆ ಒದ್ದೆಯಾದ ಗೋಣಿತಾಟನ್ನು ಸುತ್ತಿ, ಹಲವು ದಿನ ಬಿಸಿಲು ತಾಗದಂತೆ, ತೇವ ಆರದಂತೆ ನೋಡಿಕೊಂಡರು. ಈ ಕೆಲಸಕ್ಕೆ ಮಳೆಗಾಲ ಕೂಡದು, ಉರಿಬಿಸಿಲೂ ಕೂಡದು. ಕಂತ್ರಾಟುದಾರರು ಎರಡು ದಿನದಲ್ಲಿ ಮುಗಿಸಿದ್ದಕ್ಕೆ ಮೇಸ್ತ್ರಿಗೆ ಎರಡು ವಾರ ಹಿಡಿಯಿತು. ಮುಖ ಕಳಚಿಹೋದ ಇಟ್ಟಿಗೆಗಳನ್ನು ಮಾತ್ರ ಅವರಿಂದಲೂ ಉಳಿಸಲಾಗಲಿಲ್ಲ. ಅಜ್ಜ ಕಟ್ಟಿಸಿದ ಗೂಡಿನ ಮೇಲಿನ ಅರ್ಧ ಈಗ ಹೊಸ ಇಟ್ಟಿಗೆಯದು. ನಮ್ಮ ಒಂದು ದುರಸ್ತಿಯ ಬೆಲೆ ಅದು.

ಈಗ ಆಕ್ಷೇಪಣೆಗಳನ್ನು ನೋಡೋಣ. ಸಿಮೆಂಟು ಬಲವಾದದ್ದಲ್ಲವೆ, ಬಲವಾದದ್ದು ಉತ್ತಮವಲ್ಲವೆ ಎಂಬುದು ಮೊದಲನೆಯದು. ಸಿಮೆಂಟು ಸುಣ್ಣಕ್ಕಿಂತ ಹಲವು ಪಟ್ಟು ಬಲವಾದದ್ದು ನಿಜ. ಆದರೆ ಬಲವೆಂಬುದು ನೆರೆಯವರನ್ನು ನೋಡಿ ನಿರ್ಣಯಿಸಬೇಕಾದ ಗುಣ. ಹತ್ತಿಯ ಹಳೆಯ ಧೋತರಕ್ಕೆ ತಂತಿಯಿಂದ ಹೊಲಿಗೆ ಹಾಕಿದರೆ ಹರಿಯುವುದು ತಂತಿಯಲ್ಲ. ಸಿಮೆಂಟನ್ನು ದೂಷಿಸುವುದು ನನ್ನ ಉದ್ದೇಶವಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಗಟ್ಟಿ ಇಟ್ಟಿಗೆಯಿಂದ, ಸಿಮೆಂಟಿನಿಂದಲೇ ಕಟ್ಟಿದ ಈಚಿನ ಚಿಮಣಿಗೆ ಅದಕ್ಕೆ ಹೊಂದುವ ಸಿಮೆಂಟಿನ ಗಾರೆಯೇ ತಕ್ಕದ್ದು. ಮೂಲದಲ್ಲಿ ಏನಿತ್ತೋ ಅದನ್ನು ಮೊದಲು ತಿಳಿ, ಅನಂತರ ಕರಣೆಯನ್ನು ಹಿಡಿ ಎಂಬುದಷ್ಟೇ ಸೂತ್ರ.

ಎರಡನೆಯದು, ಸುಣ್ಣದ ಕೆಲಸ ಬಲ್ಲವರೆಲ್ಲಿ ಎಂಬುದು. ಇದು ಸುಳ್ಳಲ್ಲ, ಇದೇ ನನ್ನ ದೊಡ್ಡ ಆತಂಕವೂ ಹೌದು. ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣಗಳು ನಿಂತುಹೋದವು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳ ಹದ ಬಲ್ಲವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ತಾಂತ್ರಿಕ ವಿದ್ಯೆಯ ತರಗತಿಗಳಲ್ಲಿ ಸುಣ್ಣಕ್ಕೆ ಸಿಗುವ ಎಡೆ ಕಿರಿದು. ಚಿಮಣಿ ಬಿದ್ದರೆ ಮತ್ತೊಂದನ್ನು ಕಟ್ಟಬಹುದು. ಕೈಯ ಜ್ಞಾನ ಬಿದ್ದರೆ ಎತ್ತುವುದು ಕಷ್ಟ. ಅಧ್ಯಾಪಕರು ತಮ್ಮ ಶಿಷ್ಯರನ್ನು ಹಂಪೆಗೂ ಬೇಲೂರಿಗೂ ಕರೆದೊಯ್ಯುತ್ತಾರೆ, ಒಳ್ಳೆಯದೇ. ಒಂದು ದಿನ ಊರಿನಲ್ಲಿರುವ ಹಳೆಯ ಗಾರೆ ಕೆಲಸದವರ ಮುಂದೆಯೂ ಆ ಮಕ್ಕಳನ್ನು ಕೂರಿಸಿ, ಅವರು ಹೇಳುವುದನ್ನು ಬರೆದುಕೊಳ್ಳುವಂತೆ ಮಾಡಬಾರದೇಕೆ? ಜಾನಪದವೆಂದು ಹಾಡನ್ನು ಸಂಗ್ರಹಿಸುವ ನಾವು ಹದವನ್ನೂ ಸಂಗ್ರಹಿಸಬೇಕು.

ಮೂರನೆಯ ಆಕ್ಷೇಪಣೆಯೇ ಬಲವಾದದ್ದು. ಹೊಗೆಯೇ ಇಲ್ಲದ ಚಿಮಣಿಯನ್ನು ಉಳಿಸುವುದೇಕೆ? ಬೋಲ್ಟನ್ ಊರಿನಲ್ಲಿ ಫ್ರೆಡ್ ಡಿಬ್ನಾ ಎಂಬಾತನಿದ್ದ; 1938ರಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡ. ಏಣಿಗಳನ್ನು ಒಂದರ ಮೇಲೊಂದು ಬಿಗಿದು ಗಿರಣಿಯ ಚಿಮಣಿಗಳನ್ನೇರಿ ದುರಸ್ತಿ ಮಾಡುವುದು ಅವನ ಕಸುಬು. ಗಿರಣಿಗಳು ಮುಚ್ಚಿದ ಮೇಲೆ ಅವನಿಗೆ ಚಿಮಣಿಗಳನ್ನು ಕೆಡಹುವ ಕೆಲಸವೇ ಹೆಚ್ಚಾಗಿ ಬಂತು. ಬುಡದ ಇಟ್ಟಿಗೆಗಳನ್ನು ಕಿತ್ತು, ಮರದ ಊರೆಗಳನ್ನು ಕೊಟ್ಟು, ಅವಕ್ಕೆ ಬೆಂಕಿಯಿಟ್ಟು ಬೀಳಿಸುತ್ತಿದ್ದ. ಆ ಬೀಳುವಿಕೆಯನ್ನು ನೋಡಲು ಊರೇ ನೆರೆಯುತ್ತಿತ್ತು. ಸಂದು ತುಂಬುವುದನ್ನು ನೋಡಲು ಎಲ್ಲಿಯಾದರೂ ಜಾತ್ರೆ ನೆರೆಯುವುದುಂಟೆ? ಅಪಾಯಕಾರಿಯಾದ, ಉಳಿಸಲಾಗದ ಚಿಮಣಿಯನ್ನು ಇಳಿಸಲೇಬೇಕು. ಅದರಲ್ಲಿ ಭಾವುಕತೆ ಸಲ್ಲದು. ಆದರೆ ಗಟ್ಟಿಯಾಗಿ ನಿಂತದ್ದನ್ನು ಕೆಲಸವಿಲ್ಲವೆಂಬ ಒಂದೇ ಕಾರಣಕ್ಕೆ ಕೆಡಹುವುದಾದರೆ, ಊರಿನಲ್ಲಿ ಕೆಲಸವಿಲ್ಲದ ಹಿರಿಯರೂ ಸ್ವಲ್ಪ ಹೆದರಬೇಕಾಗುತ್ತದೆ! ಆ ಗೋಪುರಗಳ ಬುಡದಲ್ಲಿ ನಮ್ಮ ಊರಿನ ಸಾವಿರಾರು ಹೆಂಗಸರೂ ಗಂಡಸರೂ ಮಣ್ಣು ಹೊತ್ತು ಬಾಳು ಸವೆಸಿದ್ದಾರೆ. ಅವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರ ನೆನಪಿಗೆ ಇರುವುದು ಈ ಇಟ್ಟಿಗೆಯ ಕಂಬ ಒಂದೇ.

ಕೊನೆಯದಾಗಿ ಸಾಹಿತ್ಯದ ವಾಚಕರಿಗೆ ಒಂದು ಮಾತು. ಸಂದು ಎಂಬುದು ಸಂಧಿಯ ತದ್ಭವ. ಸಂಧಿಯ ಪ್ರಕರಣವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ‘ಊರು’, ‘ಅಲ್ಲಿ’ ಕೂಡಿದಾಗ ‘ಊರಲ್ಲಿ’ ಆಗುತ್ತದೆ. ನಡುವಿನ ಉಕಾರ ಲೋಪವಾಗುತ್ತದೆ. ಒಂದು ಸ್ವರ ತಾನು ಅಳಿದು ಎರಡು ಪದಗಳನ್ನು ಕೂಡಿಸುತ್ತದೆ. ಅದನ್ನು ಭಾಷೆಯ ದೌರ್ಬಲ್ಯವೆಂದು ಯಾವ ವೈಯಾಕರಣನೂ ಹೇಳಲಿಲ್ಲ. ಅದಕ್ಕೊಂದು ಹೆಸರು ಕೊಟ್ಟು ಗೌರವಿಸಿದ. ಕೂಡಿಸುವ ವಸ್ತು ಕೂಡುವ ವಸ್ತುಗಳಿಗಿಂತ ಮೃದುವಾಗಿರಬೇಕೆಂಬುದನ್ನು ನಮ್ಮ ನುಡಿ ಬಲ್ಲದು, ನಮ್ಮ ಮೇಸ್ತ್ರಿ ಬಲ್ಲರು. ಒಮ್ಮೆ ಮಾಡಿದರೆ ಮತ್ತೆ ನೋಡಬೇಕಾಗಿಲ್ಲವೆಂಬ ದುರಸ್ತಿಯ ಆಸೆಗೆ ಬಿದ್ದ ನಾವು ಮಾತ್ರ ಅದನ್ನು ಮರೆತೆವು. ಆ ಆಸೆಯ ಬೇರಿನಲ್ಲಿರುವುದು ಬಲದ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಆರೈಕೆಯ ಮೇಲಿನ ಬೇಸರ.

ಹೊಗೆಗೂಡನ್ನು ಮುಗಿಸಿ ಇಳಿದು ಬಂದ ಮೇಸ್ತ್ರಿಯನ್ನು ನಾನು ಕೇಳಿದೆ: ಇದು ಎಷ್ಟು ವರ್ಷ ಬಾಳೀತು? ಅವರು ಕೈಯ ಸುಣ್ಣವನ್ನು ತೊಳೆದುಕೊಳ್ಳುತ್ತ, ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಏಣಿ ಇಟ್ಟು ನೋಡುತ್ತಿರಿ, ಉದುರಿದಲ್ಲಿ ತುಂಬಿಸಿ ಎಂದರು. ವರ್ಷದ ಲೆಕ್ಕವನ್ನು ಹೇಳಲಿಲ್ಲ. ಈ ಸಲವೂ ಮಳೆ ಬಿಟ್ಟ ಮೇಲೆ ಏಣಿ ಇಟ್ಟು ಹತ್ತಿದ್ದೆ. ಎರಡು ಸಂದುಗಳಲ್ಲಿ ಗಾರೆ ಉದುರಿತ್ತು. ಇಟ್ಟಿಗೆಗಳು ಚೆನ್ನಾಗಿದ್ದವು.